ಕಿರೀಟ ಯಾರ ತಲೆ ಮೇಲೆ, ಕತೆ ಯಾರ ಕೈಯಲ್ಲಿ

(ಕಲಬುರಗಿಯ ಕಾಲೇಜೊಂದರ ಸಾಹಿತ್ಯ ಸಂಘದಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ದೊಡ್ಡಾಟ ನೋಡಿದವರು ಇಲ್ಲಿ ಬಹಳ ಜನ ಇದ್ದೀರಿ. ರಾಜ ರಂಗಕ್ಕೆ ಬರುವ ಗಳಿಗೆಯನ್ನು ನೆನಪು ಮಾಡಿಕೊಳ್ಳಿ. ತಲೆ ಮೇಲೆ ದೊಡ್ಡ ಕಿರೀಟ, ಹೆಗಲಿಗೆ ಭುಜಕೀರ್ತಿ, ಎದೆ ತುಂಬ ಹೊಳೆಯುವ ಕನ್ನಡಿ ಚೂರು. ಕಿರೀಟ ಹಗುರ ಮರದ್ದು, ಮೇಲೆ ಬೇಗಡೆ ಅಂಟಿಸಿರುತ್ತಾರೆ. ಅದು ಬಂಗಾರ ಅಲ್ಲ ಅಂತ ಮುಂದೆ ಕೂತ ಮಕ್ಕಳಿಗೂ ಗೊತ್ತು. ರಾಜ ಹೆಜ್ಜೆ ಹಾಕುತ್ತಾ ಬಂದು ನಿಲ್ಲುತ್ತಾನೆ. ಇಷ್ಟಾದರೂ ಅವನು ಇನ್ನೂ ರಾಜ ಆಗಿಲ್ಲ. ಸಾರಥಿ ಬಂದು ಕೇಳಬೇಕು: ತಾವು ಯಾರು, ಯಾವ ಪಟ್ಟಣ ಆಳುವವರು? ಆಗ ಅವನು ತನ್ನ ಹೆಸರು, ರಾಜ್ಯ, ಪರಾಕ್ರಮ ಎಲ್ಲ ಹೇಳುತ್ತಾನೆ. ಸಾರಥಿ ಹೌದೌದು ಎನ್ನುತ್ತಾನೆ. ಅಲ್ಲಿಂದ ಬೆಳಗಿನ ತನಕ ಅವನೇ ರಾಜ. ಯಾರೂ ಅನುಮಾನ ಪಡುವುದಿಲ್ಲ.

ನಮ್ಮ ಹಳ್ಳಿಯ ಕಲಾವಿದರು ಇದನ್ನು ಸುಮ್ನೆ ಸಂಪ್ರದಾಯ ಅಂತ ಮಾಡುತ್ತಿಲ್ಲ, ಇದರಲ್ಲಿ ದೊಡ್ಡ ತಿಳಿವಳಿಕೆ ಇದೆ ಎಂದು ನಾನು ನಂಬುತ್ತೇನೆ. ಕೇಳುವವರು, ಒಪ್ಪುವವರು ಇಲ್ಲದಿದ್ದರೆ ಕಿರೀಟಕ್ಕೆ ಬಲವಿಲ್ಲ. ಇತಿಹಾಸದ ನಿಜವಾದ ರಾಜರಿಗೂ ಹೀಗೇ ಒಬ್ಬ ಸಾರಥಿ ಬೇಕಾಗಿದ್ದ. ಕೆಲವರಿಗೆ ಅವನು ಕವಿ, ಕೆಲವರಿಗೆ ಸಂತ, ಕೆಲವರಿಗೆ ಶಾಸನ ಕೆತ್ತುವವನು. ರಾಜನ ಅಧಿಕಾರ ಎಷ್ಟು ದೂರ ಹೋಗುತ್ತದೆ, ಎಷ್ಟು ಕಾಲ ನಿಲ್ಲುತ್ತದೆ ಎನ್ನುವುದು ಕೊನೆಗೆ ಆ ಕತೆ ಹೇಳುವವರ ಕೈಯಲ್ಲಿತ್ತು. ಇದನ್ನು ತೋರಿಸಲು ಲಂಡನ್ನಿಗೋ ಪ್ಯಾರಿಸ್ಸಿಗೋ ಹೋಗಬೇಕಿಲ್ಲ. ನಮ್ಮ ಕಲಬುರಗಿ, ಬೀದರ್, ಯಾದಗಿರಿಯಲ್ಲೇ ಬೇಕಾದಷ್ಟು ಜಾಸ್ತಿ ಸಿಗುತ್ತದೆ.

ಮೊದಲು ಮಳಖೇಡಕ್ಕೆ ಹೋಗೋಣ. ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ನದಿಯ ದಂಡೆ. ರಾಷ್ಟ್ರಕೂಟರ ಮಾನ್ಯಖೇಟ ಇದೇ. ಇಲ್ಲಿಂದ ಆಳಿದ ಅಮೋಘವರ್ಷ ನೃಪತುಂಗ 814ರಲ್ಲಿ ಪಟ್ಟಕ್ಕೆ ಬಂದಾಗ ಇನ್ನೂ ಹುಡುಗ. ಸಾಮಂತರು ತಿರುಗಿ ಬಿದ್ದರು, ಸ್ವಲ್ಪ ಕಾಲ ಸಿಂಹಾಸನವೇ ಕೈತಪ್ಪಿತು. ಗುಜರಾತಿನ ಶಾಖೆಯ ಬಂಧು ಕರ್ಕ ಬಂದು ಮತ್ತೆ ಕೂರಿಸಿದ. ಆಮೇಲೆ ಅವನು ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಆಳಿದ.

ಈ ರಾಜನ ಬಗ್ಗೆ ಗುಜರಾತಿನ ಸಂಜಾನದಲ್ಲಿ ಸಿಕ್ಕ ತಾಮ್ರಪಟದಲ್ಲಿ ಒಂದು ಸಂಗತಿ ಇದೆ. ಪಟದ ಕಾಲ 871. ಜನರಿಗೆ ದೊಡ್ಡ ಉಪದ್ರವ ಬಂದಾಗ ನೃಪತುಂಗ ತನ್ನ ಎಡಗೈ ಬೆರಳನ್ನು ಮಹಾಲಕ್ಷ್ಮಿಗೆ ಕೊಟ್ಟನಂತೆ. ಅಷ್ಟಕ್ಕೇ ನಿಲ್ಲುವುದಿಲ್ಲ. ಶಾಸನದ ಕವಿ ಪುರಾಣದ ತ್ಯಾಗಿಗಳನ್ನು ಸಾಲಾಗಿ ಕರೆಯುತ್ತಾನೆ. ಹಾವನ್ನು ಉಳಿಸಲು ಮೈ ಕೊಟ್ಟ ಜೀಮೂತವಾಹನ, ಗಿಡುಗನಿಗೆ ಮಾಂಸ ಕೊಟ್ಟ ಶಿಬಿ, ಕೇಳಿದವನಿಗೆ ಎಲುಬು ಕೊಟ್ಟ ದಧೀಚಿ. ಇವರೆಲ್ಲ ಒಬ್ಬೊಬ್ಬರನ್ನು ತಣಿಸಿದರು, ನಮ್ಮ ರಾಜ ಲೋಕದ ಕಷ್ಟ ತೀರಲೆಂದು ಕೊಟ್ಟ ಎನ್ನುತ್ತಾನೆ. ಗಮನಿಸಿದಿರಾ? ತೆರಿಗೆ ಎಷ್ಟು ಬಂತು, ಸೈನ್ಯ ಎಷ್ಟಿತ್ತು ಎಂಬುದು ಇಲ್ಲಿ ಮುಖ್ಯ ಅಲ್ಲ. ರಾಜನನ್ನು ಕತೆಯ ಜನರ ಜೊತೆ ನಿಲ್ಲಿಸಿ ಅಳೆಯುತ್ತಿದ್ದಾರೆ. ನಿಜವಾದ ರಾಜ ನಿಜವಾಗಬೇಕಾದರೆ ಶಿಬಿಯ ಕತೆ ಬೇಕು.

ಇದೇ ಊರಿಗೆ ನೂರು ವರ್ಷದ ಮೇಲೆ ಇನ್ನೊಬ್ಬ ಕವಿ ಬಂದ. ಪುಷ್ಪದಂತ. ಪ್ರಾಕೃತದಿಂದ ಬೆಳೆದ ಅಪಭ್ರಂಶ ಭಾಷೆಯಲ್ಲಿ ಬರೆದವನು. ಅವನ ಹೆಸರು ನಮ್ಮಲ್ಲಿ ಅಷ್ಟಾಗಿ ಕೇಳಿಸುವುದಿಲ್ಲ, ನನಗೆ ಅದು ಬೇಜಾರಿನ ವಿಷಯ. ದಣಿದು ಬಂದು ಊರ ಹೊರಗಿನ ತೋಪಿನಲ್ಲಿ ಕೂತಿದ್ದ. ಇಬ್ಬರು ಬಂದು, ಇಷ್ಟು ದೊಡ್ಡ ಪಟ್ಟಣ ಪಕ್ಕದಲ್ಲೇ ಇದೆ, ಒಳಗೆ ಯಾಕೆ ಬರುವುದಿಲ್ಲ ಎಂದು ಕೇಳಿದರು. ಅವನು ಕೊಟ್ಟ ಉತ್ತರ ಅವನ ಮಹಾಪುರಾಣದ ಮೊದಲಿಗೇ ಇದೆ. ರಾಜರ ಗಂಟು ಹಾಕಿದ ಹುಬ್ಬು ನೋಡುವುದಕ್ಕಿಂತ ಕಾಡಿನಲ್ಲಿ ಸಾಯುವುದು ಮೇಲು. ಚಾಮರದ ಗಾಳಿಗೆ ಗುಣಗಳು ಹಾರಿಹೋಗುತ್ತವೆ, ಅಭಿಷೇಕದ ನೀರಿಗೆ ಸಜ್ಜನಿಕೆ ತೊಳೆದುಹೋಗುತ್ತದೆ. ಇದು ಅವನ ಮಾತಿನ ಸಾರ. ಪಟ್ಟಾಭಿಷೇಕ ಅಂದರೆ ನಮಗೆ ಪವಿತ್ರ ಕೆಲಸ. ಅವನಿಗೆ ಆ ನೀರಿನಲ್ಲಿ ಮನುಷ್ಯ ಕೊಚ್ಚಿಹೋಗುವುದು ಕಂಡಿತು. ಮತ್ತೆ ನೋಡಿ, ಇದನ್ನು ಬರೆದದ್ದು ರಾಷ್ಟ್ರಕೂಟ ಮೂರನೇ ಕೃಷ್ಣನ ಕಾಲದಲ್ಲಿ, ಅವನದೇ ರಾಜಧಾನಿಯಲ್ಲಿ ಕೂತು. ಭರತ ಎಂಬ ಮಂತ್ರಿ ಅವನಿಗೆ ಆಸರೆ ಕೊಟ್ಟ. ಕೆಲವೇ ವರ್ಷದಲ್ಲಿ, 972ರಲ್ಲಿ, ಮಾಳವದ ಪರಮಾರ ಸೀಯಕ ಬಂದು ಮಾನ್ಯಖೇಟವನ್ನು ಲೂಟಿ ಮಾಡಿದ. ಪಟ್ಟಣ ಸುಟ್ಟಿತು, ಇನ್ನು ಈ ಪುಷ್ಪದಂತ ಎಲ್ಲಿ ಇರಲಿ ಎಂದು ಅವನು ಅತ್ತಿದ್ದೂ ದಾಖಲಾಗಿದೆ. ರಾಜರನ್ನು ಅಷ್ಟು ದೂರ ಇಟ್ಟವನೇ ಊರಿಗಾಗಿ ಅತ್ತ.

ಮುಂದೆ ಕಲ್ಯಾಣ. ಬೀದರ್ ಜಿಲ್ಲೆಯ ಬಸವಕಲ್ಯಾಣ, ಚಾಲುಕ್ಯರ ರಾಜಧಾನಿ. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಕಿರೀಟಕ್ಕೂ ಕತೆಗೂ ಇರುವ ನಂಟು ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ನನಗೆ ಕಂಡಿಲ್ಲ.

ಚಾಲುಕ್ಯ ಆರನೇ ವಿಕ್ರಮಾದಿತ್ಯ 1076ರಲ್ಲಿ ಪಟ್ಟಕ್ಕೆ ಬಂದ. ಐವತ್ತು ವರ್ಷ ಆಳಿದ. ತನ್ನ ಹೆಸರಿನ ಶಕೆಯನ್ನೇ ಶುರು ಮಾಡಿದ. ಒಳ್ಳೆಯ ಆಡಳಿತಗಾರ, ಅದರಲ್ಲಿ ಎರಡು ಮಾತಿಲ್ಲ. ಮಿತಾಕ್ಷರ ಎಂಬ ಹೆಸರಾಂತ ಧರ್ಮಶಾಸ್ತ್ರದ ಗ್ರಂಥ ಬರೆದ ವಿಜ್ಞಾನೇಶ್ವರ ಅವನ ಕಾಲದವನು. ಆದರೆ ಪಟ್ಟಕ್ಕೆ ಬಂದದ್ದು ಹೇಗೆ? ಸ್ವಂತ ಅಣ್ಣ ಎರಡನೇ ಸೋಮೇಶ್ವರನನ್ನು ಯುದ್ಧದಲ್ಲಿ ಸೋಲಿಸಿ, ಸೆರೆ ಹಿಡಿದು. ಅಣ್ಣನ ಕಿರೀಟ ಕಿತ್ತುಕೊಂಡ ತಮ್ಮ. ರಾಮಾಯಣದ ಭರತ ಅಣ್ಣನ ಪಾದುಕೆ ಇಟ್ಟು ಆಳಿದ ಕತೆಯನ್ನು ದಿನಾ ಕೇಳುವ ನಾಡಿನಲ್ಲಿ ಇದನ್ನು ಹೇಳಿಕೊಳ್ಳುವುದು ಹೇಗೆ?

ಅದಕ್ಕೆ ಕಾಶ್ಮೀರದಿಂದ ಬಂದ ಬಿಲ್ಹಣ ಇದ್ದ. ವಿಕ್ರಮಾದಿತ್ಯ ಅವನಿಗೆ ವಿದ್ಯಾಪತಿ ಎಂಬ ಬಿರುದು ಕೊಟ್ಟಿದ್ದ. ಬಿಲ್ಹಣ ತನ್ನ ವಿಕ್ರಮಾಂಕದೇವಚರಿತದಲ್ಲಿ ಕತೆ ಕಟ್ಟಿದ ರೀತಿ ನೋಡಿ. ತಂದೆ ಆಹವಮಲ್ಲ ಸೋಮೇಶ್ವರ ಎರಡನೇ ಮಗನಾದ ವಿಕ್ರಮನಿಗೇ ಯುವರಾಜ ಪಟ್ಟ ಕೊಡಲು ಹೊರಟ. ವಿಕ್ರಮ ಬೇಡ ಎಂದ, ಅಣ್ಣ ಇರುವಾಗ ನನಗೆ ಸಲ್ಲದು ಎಂದ. ತಂದೆ ಒತ್ತಾಯ ಮಾಡಿದರೂ ಒಪ್ಪಲಿಲ್ಲ. ತಂದೆ ತೀರಿದ ಮೇಲೆ ಅಣ್ಣ ದಾರಿ ತಪ್ಪಿದ, ತಮ್ಮನ ಮೇಲೇ ದಂಡೆತ್ತಿ ಬಂದ. ಆಗಲೂ ವಿಕ್ರಮನಿಗೆ ಹೋರಾಡಲು ಮನಸ್ಸಿಲ್ಲ. ಸಾಕ್ಷಾತ್ ಶಿವ ಕನಸಿನಲ್ಲಿ ಬಂದು ಯುದ್ಧ ಮಾಡು ಎಂದ. ಗೆದ್ದ ಮೇಲೆ ಅಣ್ಣನನ್ನು ಬಿಟ್ಟುಬಿಡಲು ಹೊರಟಾಗ ಶಿವ ಸಿಟ್ಟಿನಿಂದ ಗದರಿಸಿ ಪಟ್ಟ ಏರಲು ಹೇಳಿದ. ಹೀಗೆ ಭರತನ ಹಾಗೆ ಇರಬೇಕೆಂದಿದ್ದ ತಮ್ಮ, ದೇವರ ಮಾತು ಮೀರಲಾರದೆ ರಾಜನಾದ.

ಸೋಮೇಶ್ವರ ತನ್ನ ಪಕ್ಷದ ಕತೆ ಬರೆಸಿದ್ದರೆ ಹೇಗಿರುತ್ತಿತ್ತು? ಅವನ ಹತ್ತಿರ ಬಿಲ್ಹಣನಂಥ ಕವಿ ಇರಲಿಲ್ಲ. ಇವತ್ತಿಗೂ ನಾವು ಅವನನ್ನು ಕೆಟ್ಟ ಅಣ್ಣ ಎಂದೇ ಓದುತ್ತೇವೆ.

ಬಿಲ್ಹಣನಿಗೆ ತಾನು ಏನು ಮಾಡುತ್ತಿದ್ದೇನೆ ಎಂಬುದು ಚೆನ್ನಾಗಿ ಗೊತ್ತಿತ್ತು. ಅದೇ ಕಾವ್ಯದ ಮೊದಲ ಸರ್ಗದಲ್ಲಿ ಒಂದು ಶ್ಲೋಕ ಬರುತ್ತದೆ. ಲಂಕೆಯ ದೊರೆಯ ಕೀರ್ತಿ ಕುಗ್ಗಿದ್ದು, ರಘುವಂಶದ ರಾಜಕುಮಾರ ಕೀರ್ತಿಗೆ ಪಾತ್ರನಾದದ್ದು, ಎಲ್ಲವೂ ಆದಿಕವಿ ವಾಲ್ಮೀಕಿಯ ಪ್ರಭಾವ, ಹಾಗಾಗಿ ರಾಜರು ಕವಿಗಳಿಗೆ ಸಿಟ್ಟು ಬರಿಸಬಾರದು ಎಂದು. ಸಂಬಳ ಕೊಡುವ ರಾಜನ ಮುಂದೆ ನಿಂತು ಹೇಳಿದ ಮಾತು ಇದು. ವಿಕ್ರಮಾದಿತ್ಯ ಇದನ್ನು ಕೇಳಿದಾಗ ಅವನ ಮುಖ ಹೇಗಿತ್ತೋ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಹೊಗಳಿಕೆಯ ಒಳಗೇ ಒಂದು ಎಚ್ಚರಿಕೆ ಇದೆ, ಅಲ್ವಾ?

ಕವಿ ಯಾವಾಗಲೂ ಹೇಳಿದಂತೆ ಬರೆಯುತ್ತಾನೆ ಎಂದೇನೂ ಇಲ್ಲ. ಇದೇ ಚಾಲುಕ್ಯರ ಆಸ್ಥಾನದ ರನ್ನನನ್ನು ನೋಡಿ. ಅವನು ಗದಾಯುದ್ಧ ಬರೆದದ್ದು ಚಾಲುಕ್ಯ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಹೊಗಳಲು. ಆದರೆ ಕಾವ್ಯ ಓದಿ ಮುಗಿಸಿದಾಗ ನಮ್ಮ ಮನಸ್ಸಿನಲ್ಲಿ ನಿಲ್ಲುವವನು ಯಾರು? ದುರ್ಯೋಧನ. ಹೆಣಗಳ ನಡುವೆ ಒಬ್ಬನೇ ನಡೆಯುವ, ಕರ್ಣನಿಗಾಗಿ ಅಳುವ, ಎಲ್ಲ ಕಳೆದುಕೊಂಡರೂ ಛಲ ಬಿಡದ ದೊರೆ. ನಮ್ಮ ಹಳೆಯ ಕಾವ್ಯಗಳಲ್ಲಿ ಭೀಮನ ಪ್ರತಿಜ್ಞೆಯಲ್ಲಿ ರಕ್ತ ಕುಡಿಯುವುದು, ತೊಡೆ ಮುರಿಯುವುದು ಎರಡರ ಜೊತೆ ಮೂರನೆಯದೂ ಇದೆ, ರತ್ನದ ಮಕುಟ ಒಡೆಯುವುದು. ತೊಡೆ ಮುರಿದರೆ ಸಾಲದು, ಕಿರೀಟವೂ ಒಡೆಯಬೇಕು. ಭೀಮ ಎರಡನ್ನೂ ಮಾಡುತ್ತಾನೆ. ಆದರೂ ರನ್ನನನ್ನು ಓದಿದವರಿಗೆ ಕಿರೀಟ ಒಡೆದ ದುರ್ಯೋಧನನೇ ರಾಜ. ಕಾಸು ಕೊಟ್ಟವನ ಕೈಗೂ ಸಿಗದ ಜಾಗ ಕತೆಯ ಒಳಗೆ ಒಂದಿರುತ್ತದೆ.

ಇದೇ ಕಲ್ಯಾಣದಲ್ಲಿ ಬಿಜ್ಜಳ ಬಂದ. ಚಾಲುಕ್ಯರ ಸಾಮಂತನಾಗಿದ್ದು ಅವರ ಪಟ್ಟವನ್ನೇ ಹಿಡಿದವನು. ಅವನ ಕೊನೆಯ ಬಗ್ಗೆ ಶರಣರ ಪುರಾಣ ಒಂದು ಹೇಳುತ್ತದೆ, ಜೈನ ಕಾವ್ಯ ಬೇರೆಯದನ್ನೇ ಹೇಳುತ್ತದೆ. ಅವನ ಭಂಡಾರ ನೋಡಿಕೊಂಡ ಬಸವಣ್ಣನವರು ಮಾತ್ರ ತಲೆ ಮೇಲೆ ಬಂಗಾರ ಇಡುವ ವಿಚಾರವನ್ನೇ ಬದಲಿಸಿದರು. ದೇಹವೇ ದೇಗುಲ, ತಲೆಯೇ ಹೊನ್ನ ಕಳಸ ಎಂದರು. ಆ ಕಳಸ ಪ್ರತಿಯೊಬ್ಬರ ಹೆಗಲ ಮೇಲೂ ಇದೆ. ಅದನ್ನು ಯಾರೂ ಯಾರಿಗೂ ತೊಡಿಸಬೇಕಿಲ್ಲ. ಇದರ ಬಗ್ಗೆ ನಮ್ಮ ಭಾಗದಲ್ಲಿ ಸಾಕಷ್ಟು ಮಾತಾಗಿದೆ, ನಾನು ಮುಂದೆ ಹೋಗುತ್ತೇನೆ.

ಈಗ ಬಹಮನಿಗಳು. 1347ರಲ್ಲಿ ದೌಲತಾಬಾದಿನಲ್ಲಿ ಅಲಾವುದ್ದೀನ್ ಹಸನ್ ಪಟ್ಟಕ್ಕೆ ಬಂದ. ರಾಜಧಾನಿ ನಮ್ಮ ಕಲಬುರಗಿ. ತುಘಲಕ್ ಸೈನ್ಯದಿಂದ ಬಂದವನಿಗೆ ರಾಜವಂಶ ಎಲ್ಲಿಂದ ಬರಬೇಕು? ಪರ್ಶಿಯಾದ ಮಹಾಕಾವ್ಯದಲ್ಲಿ ಬರುವ ಬಹಮನ್ ಎಂಬ ರಾಜನ ವಂಶ ತನ್ನದು ಎಂದ. ಕಾವ್ಯದೊಳಗಿನ ರಾಜ ಕಲಬುರಗಿಯ ರಾಜನಿಗೆ ಮುತ್ತಾತನಾದ. ಜನ ಬೇರೆ ಕತೆ ಕಟ್ಟಿದರು. ಅವನು ದಿಲ್ಲಿಯಲ್ಲಿ ಗಂಗು ಎಂಬ ಬ್ರಾಹ್ಮಣನ ಆಳಾಗಿದ್ದ, ಹೊಲ ಉಳುವಾಗ ಸಿಕ್ಕ ನಿಧಿಯನ್ನು ಒಡೆಯನಿಗೇ ಕೊಟ್ಟ, ಅವನ ಜಾತಕ ನೋಡಿ ಒಡೆಯ ರಾಜಯೋಗ ಹೇಳಿದ ಎಂದು. ಇನ್ನೊಂದು ಕತೆಯಲ್ಲಿ ಸಂತ ನಿಜಾಮುದ್ದೀನ್ ಔಲಿಯಾ ರೊಟ್ಟಿ ತುಂಡನ್ನು ಬೆರಳ ತುದಿಯ ಮೇಲಿಟ್ಟು ಇವನಿಗೆ ಕೊಟ್ಟರು, ಅದೇ ರಾಜಛತ್ರದ ಸೂಚನೆ. ಇತಿಹಾಸಕಾರರು ಇವನ್ನು ಒಪ್ಪುವುದಿಲ್ಲ. ಆದರೆ ಮೂರರಲ್ಲಿ ನನಗೆ ಪ್ರಿಯವಾದದ್ದು ನಿಧಿ ಸಿಕ್ಕರೂ ಬಚ್ಚಿಡದ ಆಳಿನ ಕತೆ. ರಾಜ ಹೇಗಿರಬೇಕು ಎಂಬ ಜನರ ಆಸೆ ಅದರಲ್ಲಿದೆ.

ಸಂತರ ಮಾತು ಬಂದಾಗ ಖ್ವಾಜಾ ಬಂದೇನವಾಜರನ್ನು ಬಿಡುವಂತಿಲ್ಲ. ಸುಲ್ತಾನ್ ಫಿರೋಜ್ ಷಾ ಅವರನ್ನು ಮೊದಲು ಆದರದಿಂದ ಬರಮಾಡಿಕೊಂಡ. ಆಮೇಲೆ ತನ್ನ ಮಗನಿಗೆ ಪಟ್ಟ ಕಟ್ಟಬೇಕು, ಆಶೀರ್ವಾದ ಮಾಡಿ ಎಂದ. ಕಿರೀಟ ನಿನ್ನ ತಮ್ಮ ಅಹ್ಮದನಿಗೆ ಎಂದು ದೇವರು ಬರೆದಾಗಿದೆ ಎಂದರು ಖ್ವಾಜಾ. ಇದು ಚರಿತ್ರೆಕಾರ ಫರಿಷ್ತಾ ಹೇಳುವುದು. ಸುಲ್ತಾನ ಸಿಟ್ಟಾದ, ಕೋಟೆ ಹತ್ತಿರ ನಿಮ್ಮ ಜನರ ಗದ್ದಲ ಜಾಸ್ತಿ, ದೂರ ಹೋಗಿ ಎಂದ. ಹೋದರು. ಇವತ್ತು ದರ್ಗಾ ಇರುವುದು ಅಲ್ಲೇ. 1422ರಲ್ಲಿ ಅಹ್ಮದನೇ ಸುಲ್ತಾನನಾದ. ಇವತ್ತು ಕಲಬುರಗಿ ಕೋಟೆಗೆ ನೋಡಲು ಹೋಗುತ್ತೇವೆ, ದರ್ಗಾಕ್ಕೆ ಬೇಡಿಕೊಳ್ಳಲು ಹೋಗುತ್ತೇವೆ.

ಅದೇ ಅಹ್ಮದ್ ರಾಜಧಾನಿಯನ್ನು ಬೀದರಿಗೆ ಒಯ್ದ. ಬೀದರಿನಲ್ಲಿ ಒಂದು ಕಾಗದದ ಕತೆ ಇದೆ. ಕಿರೀಟಕ್ಕಿಂತ ಒಂದು ಮುದ್ರೆಗೆ ಎಷ್ಟು ಬಲ ಎನ್ನುವುದನ್ನು ಅದು ತೋರಿಸುತ್ತದೆ. ವಜೀರ ಮಹಮೂದ್ ಗವಾನ್ ಇರಾನಿನ ಗೀಲಾನಿನಿಂದ ವ್ಯಾಪಾರಿಯಾಗಿ ಬಂದವನು. 1472ರಲ್ಲಿ ಕಟ್ಟಿಸಿದ ಮದರಸಾ ಇವತ್ತಿಗೂ ಊರ ನಡುವೆ ನಿಂತಿದೆ. ಅವನ ಏಳಿಗೆ ಸಹಿಸದವರು ಅವನ ಮುದ್ರೆ ಇಟ್ಟುಕೊಂಡಿದ್ದ ಗುಲಾಮನ ಸ್ನೇಹ ಮಾಡಿದರು. ಅವನಿಗೆ ಕುಡಿಸಿ, ಮಡಚಿದ ಕಾಗದ ಚಾಚಿ, ಗೆಳೆಯರೊಬ್ಬರ ಲೆಕ್ಕಪತ್ರ, ಇಲ್ಲೊಂದು ಒತ್ತಿಬಿಡು ಎಂದರು. ಅವನು ಬಿಚ್ಚಿ ನೋಡದೆ ಒತ್ತಿದ. ಒಳಗೆ ಕಾಗದ ಖಾಲಿ. ಅದರಲ್ಲಿ ಒರಿಸ್ಸಾದ ರಾಜನನ್ನು ದಂಡೆತ್ತಿ ಬಾ ಎಂದು ಕರೆಯುವ ಪತ್ರ ಬರೆದರು. ಸುಲ್ತಾನ ಮೂರನೇ ಮುಹಮ್ಮದ್ ಕುಡಿದ ಅಮಲಿನಲ್ಲಿ ಗವಾನನನ್ನು ಕರೆಸಿ, ರಾಜದ್ರೋಹಿಗೆ ಏನು ಶಿಕ್ಷೆ ಎಂದ. ಕತ್ತಿ ಎಂದ ಗವಾನ್. ಸುಲ್ತಾನ ಪತ್ರ ತೋರಿಸಿದ. ಮುದ್ರೆ ನನ್ನದು, ಬರಹ ನನ್ನದಲ್ಲ ಎಂದ ಆ ಮುದುಕ. 1481ರ ಏಪ್ರಿಲ್ 5ರಂದು ಅವನ ತಲೆ ಹೋಯಿತು. ಮರುವರ್ಷ ಸುಲ್ತಾನನೂ ಸತ್ತ. ಗವಾನ್ ನನ್ನನ್ನು ಕೊಲ್ಲುತ್ತಿದ್ದಾನೆ ಎಂದು ಕೂಗುತ್ತಾ ಸತ್ತನಂತೆ.

ಅಲ್ಲಿಂದ ರಾಜ್ಯ ಒಡೆಯಿತು. ಬಹಮನಿಗಳ ಹತ್ತಿರ ತಖ್ತ್-ಎ-ಫಿರೋಜಾ ಎಂಬ ಸಿಂಹಾಸನ ಇತ್ತು. ತೆಲಂಗಾಣದ ದೊರೆಯಿಂದ ಬಂದದ್ದು. ಕರಿಮರ, ಮೇಲೆ ಬಂಗಾರದ ತಗಡು. ಒಬ್ಬೊಬ್ಬ ಸುಲ್ತಾನನೂ ಒಂದಿಷ್ಟು ರತ್ನ ಸೇರಿಸುತ್ತಾ ಹೋಗಿ ಕೊನೆಗೆ ಮೂಲ ಬಣ್ಣವೇ ಕಾಣದಂತಾಯಿತು. ಮಹಮೂದ್ ಷಾನ ಕಾಲದಲ್ಲಿ ಅದನ್ನು ಒಡೆದು ಪಾನಪಾತ್ರೆ ಮಾಡಿಸಿದರು. ಅವನ ಮಗ ಅಹ್ಮದ್ ಖರ್ಚಿಗೆ ಸಾಲದೆ ಪೂರ್ವಜರ ಕಿರೀಟವನ್ನೇ ಗುಟ್ಟಾಗಿ ಒಡೆದು ಹರಳು ಮಾರಿದ ಎನ್ನುತ್ತಾನೆ ಫರಿಷ್ತಾ. ಆಗ ನಿಜವಾಗಿ ಆಳುತ್ತಿದ್ದವನು ಅಮೀರ್ ಬರೀದ್. ದಖ್ಖನಿನ ನರಿ ಎಂದು ಹೆಸರಾದವನು. ಅವನು ಬೇಕೆಂದೇ ಕಿರೀಟ ಇಡಲಿಲ್ಲ. ಒಬ್ಬರಾದ ಮೇಲೆ ಒಬ್ಬರು ಬಹಮನಿ ಸುಲ್ತಾನರನ್ನು ಕೂರಿಸಿ, ಇಳಿಸಿ, ತಾನು ಪಕ್ಕದಲ್ಲಿ ನಿಂತ. ಷಾ ಎಂಬ ಹೆಸರು ಹಾಕಿಕೊಂಡದ್ದು ಅವನ ಮಗ ಅಲಿ ಬರೀದ್. ಅಧಿಕಾರ ಒಬ್ಬರ ಕೈಯಲ್ಲಿ, ಕಿರೀಟ ಇನ್ನೊಬ್ಬರ ತಲೆಯಲ್ಲಿ, ಕೊನೆಗೆ ಕಿರೀಟ ರತ್ನದ ವ್ಯಾಪಾರಿಯ ಚೀಲದಲ್ಲಿ.

ಬೀದರಿನಿಂದ ಅಷ್ಟೂರಿಗೆ ಒಮ್ಮೆ ಹೋಗಿ ಬನ್ನಿ, ದೂರ ಇಲ್ಲ. ಬಹಮನಿ ಸುಲ್ತಾನರ ಗೋರಿಗಳು ಸಾಲಾಗಿವೆ. ಅದರಲ್ಲಿ ಒಂದು ಅರ್ಧ ಮಾತ್ರ ನಿಂತಿದೆ. ಸಿಡಿಲು ಬಡಿದು ಗುಮ್ಮಟ ಸೀಳಿದೆ, ಗೋಡೆಯ ದಪ್ಪ, ಗುಮ್ಮಟದ ಒಳಬಾಗು ಎಲ್ಲ ಹೊರಗಿನಿಂದಲೇ ಕಾಣುತ್ತದೆ. ಅದು ಹುಮಾಯೂನನದು. 1458ರಿಂದ 1461ರವರೆಗೆ ಆಳಿದ, ಜಾಲಿಮ್ ಎಂದು ಕರೆಸಿಕೊಂಡವನು. ಕ್ರೂರಿಯ ಗೋರಿಯನ್ನು ದೇವರೇ ಒಡೆದ ಎನ್ನುತ್ತಾರೆ ಊರವರು. ಗವಾನನ ಪತ್ರಗಳಲ್ಲಿ ಇದೇ ಹುಮಾಯೂನನ ಬಗ್ಗೆ ಒಳ್ಳೆಯ ಮಾತಿದೆ, ಅವನಿಗೆ ಅನ್ಯಾಯವಾಗಿದೆ ಎನ್ನುವ ಇತಿಹಾಸಕಾರರೂ ಇದ್ದಾರೆ. ಆದರೆ ಸಿಡಿಲಿನ ಕತೆಯ ಮುಂದೆ ಆ ಪತ್ರಗಳು ನಿಲ್ಲಲಿಲ್ಲ.

ಅದೇ ಸಾಲಿನಲ್ಲಿ ಅಹ್ಮದ್ ಷಾ ವಲಿಯ ಗೋರಿ ಇದೆ. ಒಳಗೆ ಗುಮ್ಮಟದ ತುಂಬ ಬಣ್ಣದ ಚಿತ್ತಾರ, ಬಂಗಾರದ ಅಕ್ಷರ. ಉರುಸಿಗೆ ಆಳಂದ ಕಡೆಯ ಮಾಡ್ಯಾಳದಿಂದ ಜಂಗಮರು ಬರುತ್ತಾರೆ. ಸುಲ್ತಾನನನ್ನು ಅಲ್ಲಮಪ್ರಭು ಎಂದೇ ನಂಬಿ ಕೈಮುಗಿಯುವ ಭಕ್ತರಿದ್ದಾರೆ. ಬಹಮನಿ ವಂಶ ಮುಗಿದು 500 ವರ್ಷ ಆಗುತ್ತಾ ಬಂತು. ಯಾವ ಸೈನ್ಯವೂ ಇಲ್ಲದೆ ಆ ರಾಜ ಇನ್ನೂ ಜನರನ್ನು ಕರೆಸಿಕೊಳ್ಳುತ್ತಾನೆ. ನನಗೆ ಇದು ಈ ನಾಡಿನ ದೊಡ್ಡ ಸಂಪತ್ತು ಅನ್ನಿಸುತ್ತದೆ. ಜನ ತಮಗೆ ಬೇಕಾದ ರಾಜನನ್ನು ತಾವೇ ಆರಿಸಿ ಉಳಿಸಿಕೊಂಡಿದ್ದಾರೆ.

ಕೊನೆಗೆ ಯಾದಗಿರಿ ಜಿಲ್ಲೆಯ ಸುರಪುರ. ಇಲ್ಲಿ ಕತೆ ನಮ್ಮ ಕೈಯಲ್ಲಿ ಇಲ್ಲ, ಅದೇ ನನ್ನ ಸಂಕಟ.

ರಾಜಾ ವೆಂಕಟಪ್ಪ ನಾಯಕ ಪುಟ್ಟ ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ ಸಂಸ್ಥಾನ ನೋಡಿಕೊಂಡ, ಹುಡುಗನನ್ನು ಬೆಳೆಸಿದ. ಹುಡುಗ ಅವನನ್ನು ಅಪ್ಪಾ ಎನ್ನುತ್ತಿದ್ದ. 1853ರಲ್ಲಿ ಟೇಲರ್ ಹೊರಟ, ರಾಜ ಆಳತೊಡಗಿದ. 1858ರ ಫೆಬ್ರವರಿಯಲ್ಲಿ ಕಂಪನಿ ಸೈನ್ಯದ ಜೊತೆ ಸುರಪುರದಲ್ಲಿ ಕಾಳಗ ನಡೆಯಿತು. ರಾಜ ಹೈದರಾಬಾದಿನಲ್ಲಿ ಸೆರೆ ಸಿಕ್ಕ. ಟೇಲರ್ ಜೈಲಿಗೆ ಹೋಗಿ ಕಂಡ. ಕಳ್ಳನ ಹಾಗೆ ನೇಣಿಗೆ ಹಾಕಬೇಡಿ, ಫಿರಂಗಿ ಬಾಯಿಗೆ ಕಟ್ಟಿ ಎಂದು ರಾಜ ಹೇಳಿದನೆಂದು ಟೇಲರ್ ಬರೆದಿದ್ದಾನೆ. ಮರಣದಂಡನೆ ಇಳಿದು ಕೆಲವು ವರ್ಷಗಳ ಸೆರೆವಾಸ ಆಯಿತು. ಒಯ್ಯುವ ದಾರಿಯಲ್ಲೇ ಗುಂಡೇಟಿನಿಂದ ಸತ್ತ, ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ. ತಾನೇ ಹೊಡೆದುಕೊಂಡ ಎಂಬುದು ವರದಿ. 24ನೇ ವರ್ಷ ದಾಟುವುದಿಲ್ಲ ಎಂದು ಜಾತಕದಲ್ಲಿ ಮೊದಲೇ ಇತ್ತು ಎಂದೂ ಟೇಲರ್ ಬರೆದ. ಟೇಲರ್ ಕಾದಂಬರಿಕಾರ ಕೂಡ, ಅವನಿಗೆ ಕತೆ ಕಟ್ಟುವುದು ಗೊತ್ತಿತ್ತು. ಜಾತಕ ಬಂದ ಕೂಡಲೇ ಸಾವು ವಿಧಿಯ ಕೆಲಸವಾಯಿತು, ಅದರ ಹಿಂದಿನ ರಾಜಕೀಯ ಮರೆಯಾಯಿತು. 1860ರಲ್ಲಿ ಸುರಪುರವನ್ನು ನಿಜಾಮರಿಗೆ ಕೊಟ್ಟರು.

ಟೇಲರ್ ಕೆಟ್ಟವನು ಎಂದು ನಾನು ಹೇಳುತ್ತಿಲ್ಲ. ಹುಡುಗನ ಮೇಲೆ ಅವನಿಗೆ ಪ್ರೀತಿ ಇತ್ತು, ಪುಟ ಪುಟದಲ್ಲೂ ಅದು ಕಾಣುತ್ತದೆ. ಆದರೆ ಮಾತು ಪೂರಾ ಅವನದೇ. ಜೈಲಿನ ಕೋಣೆಯಲ್ಲಿ ಇದ್ದವರು ಇಬ್ಬರು, ನಮಗೆ ಉಳಿದದ್ದು ಒಬ್ಬರ ಬರಹ. ರಾಜನ ತಾಯಿ ರಾಣಿ ಈಶ್ವರಮ್ಮನ ಬಗ್ಗೆ ಅವನು ಬರೆದ ಕಟುಮಾತುಗಳಿಗೆ ಆಕೆಯ ಉತ್ತರ ಏನಿತ್ತು?

ಇಲ್ಲಿ ಸುರಪುರ, ಶಹಾಪುರ, ಕೃಷ್ಣಾ ಭೀಮಾ ನದಿಗಳ ನಡುವಿನ ಶೋರಾಪುರ ದೋಆಬಿನ ಕಡೆಯ ವಿದ್ಯಾರ್ಥಿಗಳು ಇದ್ದೀರಿ. ನಿಮ್ಮ ಮನೆಯಲ್ಲಿ ಅಜ್ಜ ಅಜ್ಜಿ ಯಾರಾದರೂ 1858ರ ಗಲಾಟೆಯ ಹಾಡು, ರಾಜನ ಮಾತು, ರಾಣಿಯ ಮಾತು, ಒಂದು ಸಾಲಾದರೂ ಹೇಳುತ್ತಿದ್ದರೆ ಈ ರಜೆಯಲ್ಲೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ತಿದ್ದಬೇಡಿ, ಚಂದ ಮಾಡಬೇಡಿ. ಹೇಳಿದವರು ಯಾರು, ಯಾವ ಊರು, ಅವರಿಗೆ ಯಾರಿಂದ ಬಂತು, ಇಷ್ಟು ಬರೆದು ನಿಮ್ಮ ಕನ್ನಡ ವಿಭಾಗಕ್ಕೆ ಕೊಡಿ. ಒಂದು ಪ್ರತಿ ನನಗೂ ಕಳಿಸಿ.